ಮೊರ್ವಾಂಗ್ ಮೀನುಗಳ ಹೆಸರಿಗೆ ಎಶ್‌ಮೇಯರ್ ಕ್ಯಾಟಲಾಗ್
ದಪ್ಪ ತುಟಿಯ ಕಡಲಮೀನುಗಳಾದ ಮೊರ್ವಾಂಗ್‌ಗಳ ವರ್ಗೀಕರಣದಲ್ಲಿ ಗೊಂದಲವಾದರೆ ಮೊದಲು ತೆರೆಯಬೇಕಾದದ್ದು ಎಶ್‌ಮೇಯರ್ ಕ್ಯಾಟಲಾಗ್, ಅಂದರೆ ಮೀನುಗಳ ವೈಜ್ಞಾನಿಕ ಹೆಸರುಗಳನ್ನು ಪಟ್ಟಿಮಾಡುವ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಉಚಿತ ಜಾಲತಾಣ. 2019ರ ಪರಿಷ್ಕರಣೆಯಲ್ಲಿ ಮೊರ್ವಾಂಗ್‌ಗಳಿದ್ದ ಕೈಲೋಡ್ಯಾಕ್ಟಿಲಿಡೇ ಕುಟುಂಬದ ಬಹುಪಾಲು ಪ್ರಭೇದಗಳು ಲ್ಯಾಟ್ರಿಡೇ ಎಂಬ ಇನ್ನೊಂದು ಕುಟುಂಬಕ್ಕೆ ಹೋದವು. ಹಳೆಯ ಕುಟುಂಬದಲ್ಲಿ ಉಳಿದದ್ದು ಆಫ್ರಿಕಾದ ದಕ್ಷಿಣ ಕರಾವಳಿಯ ಎರಡೇ ಪ್ರಭೇದ. ಅದಕ್ಕೂ ಹಿಂದಿನ ಕೈಪಿಡಿಗಳು ದಾರಿ ತಪ್ಪಿಸುವುದು ಇಲ್ಲೇ.

ಒಂದು ಎಚ್ಚರಿಕೆ: ಇಲ್ಲಿ ದಾಖಲೆಗಳು ಮೂಲ ಹೆಸರಿನಡಿ, ಅಂದರೆ ಮೀನಿಗೆ ಮೊದಲು ಇಟ್ಟ ಹೆಸರಿನಡಿ ಇರುತ್ತವೆ. ನ್ಯೂಜಿಲೆಂಡಿನ ತರಕಿಹಿ ಎಂಬ ಮೊರ್ವಾಂಗ್ ಇಂದು ನೆಮಡ್ಯಾಕ್ಟಿಲಸ್ ಮ್ಯಾಕ್ರೊಪ್ಟೆರಸ್. ದಾಖಲೆ ಇರುವುದು 1801ರ ಸಿಕ್ಲಾ ಮ್ಯಾಕ್ರೊಪ್ಟೆರಾ ಎಂದು. ಹೆಸರಿನ ಎರಡನೇ ಭಾಗವಾದ ಪ್ರಭೇದದ ಪದವೊಂದನ್ನೇ ಹಾಕಿ ಹುಡುಕಿದರೆ ಸಂಬಂಧವಿಲ್ಲದ ಮೀನುಗಳೂ ಬಂದು ಬೀಳುತ್ತವೆ, ಕುಲದ ಹೆಸರನ್ನೂ ಸೇರಿಸಿ. ಆಮೇಲೆ ದಾಖಲೆಯ ಕೊನೆಯಲ್ಲಿರುವ ಸದ್ಯದ ಸ್ಥಿತಿಯನ್ನು ತಪ್ಪದೆ ಓದಿ: ಈಗ ಮಾನ್ಯವಾದ ಹೆಸರು, ಕುಟುಂಬ ಎರಡೂ ಅಲ್ಲಿವೆ. ಹೆಸರಿಡಲು ಆಧಾರವಾದ ಮಾದರಿ ಮೀನು ಯಾವ ಸಂಗ್ರಹಾಲಯದಲ್ಲಿದೆ ಎಂಬುದನ್ನೂ ಕೊಡುವುದು ಇದರ ನಿಜವಾದ ಬೆಲೆ.

ಜೀವನಕ್ರಮ ಬೇಕಿದ್ದವರಿಗೆ ಇದು ಸಾಲದು. ಎದೆರೆಕ್ಕೆಯ ಕೆಳಭಾಗದ ಉದ್ದನೆಯ ದಪ್ಪ ಕಡ್ಡಿಗಳು, ದಪ್ಪ ತುಟಿಯಿಂದ ತಳದ ಮರಳು ಹೀರಿ ಹುಳುಗಳನ್ನು ಸೋಸಿ ತಿನ್ನುವ ರೀತಿ, ತಿಂಗಳುಗಟ್ಟಲೆ ತೆರೆದ ಕಡಲಲ್ಲೇ ಬೆಳೆಯುವ ಕಾಗದದಂಥ ತೆಳ್ಳನೆಯ ಬೆಳ್ಳಿಬಣ್ಣದ ಮರಿ, ಇವಕ್ಕೆಲ್ಲ ಚಿತ್ರಸಹಿತ ಕೈಪಿಡಿಯೇ ಬೇಕು.