ಎರಡು ವರ್ಷ, ಹದಿನೇಳು ಕಾರ್ಬುರೇಟರ್: ಅಲ್ಟ್ರಾಸಾನಿಕ್ ಕ್ಲೀನರ್ ಜೊತೆ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಮೆಷಿನ್ ಚೆನ್ನಾಗಿದೆ. ಆದರೆ ನಾನು ಯಾವ ತೊಂದರೆಗೆ ಅಂತ ಇದನ್ನು ತಂದೆನೋ, ಆ ತೊಂದರೆ ಇದರಿಂದ ಹೋಗಲಿಲ್ಲ. ಅದು ನನ್ನ ತಲೆಗೆ ಹೋಗೋಕೆ ಮೂರು ತಿಂಗಳು ಬೇಕಾಯಿತು.

ಗಾಡಿ ಅಪ್ಪನ ಬೈಕು. ಯೆಜ್ಡಿ ರೋಡ್‌ಕಿಂಗ್, 1984ರದ್ದು. ಅಪ್ಪ ಇಲ್ಲೇ ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿದ್ದಾಗ ಕಂತಿನ ಮೇಲೆ ತಗೊಂಡಿದ್ದು. ಮೈಸೂರಿನ ಐಡಿಯಲ್ ಜಾವಾದಲ್ಲಿ ತಯಾರಾದ 250 ಸಿಸಿ ಟೂ-ಸ್ಟ್ರೋಕ್, ಎರಡು ಸೈಲೆನ್ಸರ್. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಕಾರ್ಖಾನೆ 1996ರಲ್ಲಿ ಮುಚ್ಚಿತು, ನಮ್ಮ ಗಾಡಿ ಮಾತ್ರ ಓಡುತ್ತಲೇ ಇತ್ತು. 2014ರಲ್ಲಿ ಅಪ್ಪನ ಮಂಡಿ ಕೈಕೊಟ್ಟಿತು. ನಿಟ್ಟುವಳ್ಳಿಯ ಮನೆ ಹಿಂದೆ ತಗಡಿನ ಶೀಟಿನ ಕೆಳಗೆ ಗಾಡಿ ನಿಂತಿತು. ನಾನು ಅದಕ್ಕೆ ಕೈ ಹಚ್ಚಿದ್ದು 2023ರ ಮಳೆಗಾಲದಲ್ಲಿ. ಒಂಬತ್ತು ವರ್ಷ. ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಬಿಟ್ಟು ನಿಲ್ಲಿಸಿದ್ದೆವು.

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡೋದು ಕಾರ್ಬುರೇಟರ್. ಅದರ ಕೆಳಗಿನ ಬಟ್ಟಲು ಬಿಚ್ಚಿದೆ. ಬಿಚ್ಚಿದೆ ಅನ್ನೋದೇನು, ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಕಿತ್ತೆ. ಒಳಗೆ ಜೋನಿಬೆಲ್ಲದ ಹಾಗೆ ಕಂದು ಬಣ್ಣದ ಅಂಟು. ಹಳೇ ಪೇಂಟ್ ಡಬ್ಬಿಯ ವಾಸನೆ. ಬಟ್ಟಲಿನ ಪೆಟ್ರೋಲ್ ಮಟ್ಟ ಕಾಯೋ ಫ್ಲೋಟ್ ಅಲ್ಲಾಡುತ್ತಿರಲಿಲ್ಲ, ಆಕ್ಸಿಲರೇಟರ್ ತಿರುಗಿಸಿದರೆ ಏಳಬೇಕಾದ ಸ್ಲೈಡ್ ಮೇಲಕ್ಕೆ ಬರುತ್ತಿರಲಿಲ್ಲ. ನಿಂತ ಪೆಟ್ರೋಲಿನಲ್ಲಿ ಹಗುರವಾದದ್ದೆಲ್ಲ ಆರಿಹೋಗುತ್ತದೆ. ಉಳಿದದ್ದು ಗಾಳಿಯ ಆಕ್ಸಿಜನ್ ಜೊತೆ ಸೇರಿ ಗೋಂದಾಗುತ್ತದೆ, ಆಮೇಲೆ ವಾರ್ನಿಶ್ ಬಳಿದ ಹಾಗೆ ಗಟ್ಟಿಯಾಗುತ್ತದೆ. ಯೆಜ್ಡಿಯಲ್ಲಿ ಇನ್ನೊಂದು ಕಾಟ. ಟೂ-ಸ್ಟ್ರೋಕ್ ಎಂಜಿನ್ನಿನ ಟೂ-ಟಿ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕಬೇಕಲ್ವಾ? ಪೆಟ್ರೋಲ್ ಆರಿದರೂ ಆಯಿಲ್ ಎಲ್ಲಿಗೂ ಹೋಗಲ್ಲ. ಅದೂ ಆ ಅಂಟಿನಲ್ಲೇ ಸೇರಿಕೊಳ್ಳುತ್ತದೆ.

ನಮ್ಮ ಕಡೆ ಮೆಕ್ಯಾನಿಕ್‌ಗಳು ಮಾಡೋದು ಇಷ್ಟೇ: ಪೆಟ್ರೋಲಿನಲ್ಲಿ ನೆನೆಸು, ಬ್ರಷ್ ಹೊಡೆ, ಏರ್ ಹೊಡೆ. ತಿಂಗಳುಗಟ್ಟಲೆ ನಿಂತ ಗಾಡಿಗೆ ಅದು ಸಾಕು. ಒಂಬತ್ತು ವರ್ಷದ್ದಕ್ಕೆ ಸಾಕಾಗಲಿಲ್ಲ. ಒಂದು ಡಬ್ಬಿ ಕಾರ್ಬ್ ಕ್ಲೀನರ್ ಸ್ಪ್ರೇ ಖಾಲಿ ಮಾಡಿದೆ. ಕೊಳವೆ ಮುಟ್ಟಿದ ಕಡೆ ಫಳಫಳ, ಮುಟ್ಟದ ಕಡೆ ಏನೂ ಇಲ್ಲ. ಅಮ್ಮ ನೋಡಿದವಳೇ ಹಿತ್ತಾಳೆ ಜೆಟ್ಟುಗಳನ್ನು, ಅಂದರೆ ಪೆಟ್ರೋಲ್ ಹಾಯೋ ಸಣ್ಣ ತೂತಿನ ತುಂಡುಗಳನ್ನು, ಹುಣಸೆಹಣ್ಣಿನಲ್ಲಿ ನೆನೆಸಿಟ್ಟಳು, ದೇವರ ಸಾಮಾನು ತೊಳೆಯೋ ಹಾಗೆ. ಹೊರಗಡೆ ಬಂಗಾರದ ಹಾಗೆ ಹೊಳೆದವು. ಬೆಳಕಿಗೆ ಹಿಡಿದರೆ ತೂತು ಮಾತ್ರ ಕಾಣಲ್ಲ. ಹುಣಸೆಹುಳಿ ಕಿಲುಬು ತೆಗೆಯುತ್ತದೆ, ಗೋಂದು ಅದರ ಕೈಗೆ ಸಿಗೋದಲ್ಲ.

ಆಗ ತರಿಸಿದ್ದು ಈ ಮೆಷಿನ್. ಮೂರು ಲೀಟರ್ ಸ್ಟೀಲ್ ತೊಟ್ಟಿ, 40 ಕಿಲೋಹರ್ಟ್ಸ್, ಹೀಟರ್, ಟೈಮರ್. 7,200 ರೂಪಾಯಿ. ಕಂಪನಿ ಹೆಸರು ಹೇಳಿ ಪ್ರಯೋಜನವಿಲ್ಲ, ಇದೇ ಡಬ್ಬ ಹತ್ತು ಹೆಸರಿನಲ್ಲಿ ಮಾರಾಟಕ್ಕಿದೆ. ತೊಟ್ಟಿಯ ತಳಕ್ಕೆ ಹೊರಗಿನಿಂದ, ಕರೆಂಟನ್ನು ನಡುಕವಾಗಿ ಬದಲಿಸೋ ಎರಡು ಟ್ರಾನ್ಸ್‌ಡ್ಯೂಸರ್ ಅಂಟಿಸಿರುತ್ತಾರೆ. ಅವು ಸೆಕೆಂಡಿಗೆ 40 ಸಾವಿರ ಸಲ ನಡುಗುತ್ತವೆ. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ ಪಟಪಟ ಒಡೆಯುತ್ತವೆ. ಆ ಒಡೆಯುವ ಏಟಿಗೇ ಕೊಳೆ ಏಳೋದು. ಬ್ರಷ್ ಹೋಗದ ಸಂದಿಗೂ ನೀರು ಹೋಗುತ್ತದೆ, ನೀರು ಹೋದ ಕಡೆ ಗುಳ್ಳೆಯೂ ಹೋಗುತ್ತದೆ.

ಕಿವಿಗೆ ಕೇಳದ ಸದ್ದು ಅಂತ ಬರೆದಿದ್ದರು, ನಂಬಬೇಡಿ. ಜೀರುಂಡೆ ಹೊಕ್ಕ ಹಾಗೆ ಚೀರುತ್ತದೆ. ನಮ್ಮ ಬಾಗಿಲಲ್ಲಿ ಮಲಗೋ ಬೀದಿನಾಯಿ ಸ್ವಿಚ್ ಹಾಕಿದ ಕೂಡಲೇ ಎದ್ದು ಎದುರು ಮನೆಗೆ ಹೋಗುತ್ತದೆ. ನಮಗೆ ಕೇಳದ್ದು ಅದಕ್ಕೆ ಕೇಳುತ್ತೆ, ಪಾಪ.

ಮೊದಲ ಸಲ ಮಾಡಿದ ತಪ್ಪು ನೀರಿನದು. ಬೋರ್ ನೀರು ಹಾಕಿದೆ. ನಮ್ಮ ಬೋರ್ ನೀರು ಎಷ್ಟು ಗಡಸು ಅಂತ ಬಕೆಟ್ ಅಂಚು ನೋಡಿದರೇ ಗೊತ್ತಾಗುತ್ತದೆ. ಬಿಸಿಯಾದಾಗ ತೊಟ್ಟಿಗೂ ಕಾರ್ಬುರೇಟರಿಗೂ ಬಿಳಿ ಪದರ ಕೂತಿತು. ಅಂಟು ತೆಗೆಯೋಕೆ ಹೋಗಿ ಸುಣ್ಣ ಬಳಿದ ಹಾಗಾಯಿತು. ಈಗ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್, ಅದಕ್ಕೆ ಎರಡು ಚಮಚ ಪಾತ್ರೆ ತೊಳೆಯೋ ಲಿಕ್ವಿಡ್. 60 ಡಿಗ್ರಿ. ಬರೀ ನೀರನ್ನೇ ಮೊದಲು ಹತ್ತು ನಿಮಿಷ ಓಡಿಸಬೇಕು, ಕರಗಿದ ಗಾಳಿ ಹೊರಗೆ ಹೋಗಲಿ ಅಂತ. ಆಮೇಲೆ ಹದಿನೈದು ನಿಮಿಷ, ಮಗುಚಿ ಮತ್ತೆ ಹದಿನೈದು ನಿಮಿಷ. ರಬ್ಬರು, ಪ್ಲಾಸ್ಟಿಕ್ ಎಲ್ಲ ತೆಗೆದಿಟ್ಟು ಲೋಹ ಮಾತ್ರ. ಸಾಮಾನು ತಳಕ್ಕೆ ತಾಗಬಾರದು, ಜಾಲರಿಯಲ್ಲೇ ಇರಬೇಕು. ಕಾಸ್ಟಿಕ್ ಸೋಡಾ ಹಾಕಿದರೆ ಕಾರ್ಬುರೇಟರ್ ಮೈ ಕಪ್ಪಾಗಿ ಕೊರೆಯುತ್ತದೆ. ಇನ್ನು ತೊಟ್ಟಿಗೆ ಪೆಟ್ರೋಲ್ ಹಾಕಿ ಓಡಿಸುವವರ ಬಗ್ಗೆ ಕೇಳಿದ್ದೇನೆ. ಬಿಸಿ ತೊಟ್ಟಿ, ಕೆಳಗೆ ಕರೆಂಟು, ಮೇಲೆ ಪೆಟ್ರೋಲ್ ಆವಿ. ಮನೆ ಸುಟ್ಟುಕೊಳ್ಳೋಕೆ ಬೇರೆ ಏನು ಬೇಕು?

ಮೊದಲ ಹದಿನೈದು ನಿಮಿಷಕ್ಕೆ ನೀರು ಚಹಾ ಡಿಕಾಕ್ಷನ್ ಆಯಿತು. ಆ ಕ್ಷಣಕ್ಕೆ 7,200 ವಸೂಲಾಯಿತು ಅನ್ನಿಸಿದ್ದು ನಿಜ. ಆದರೆ ಸ್ಲೋ ಜೆಟ್, ಅಂದರೆ ಆಕ್ಸಿಲರೇಟರ್ ಕೊಡದೆ ಎಂಜಿನ್ ಸ್ಲೋನಲ್ಲಿ ಓಡುವಾಗ ಪೆಟ್ರೋಲ್ ಹರಿಸೋ ಜೆಟ್ಟಿನ ತೂತು ಮಾತ್ರ ಬಿಡಲಿಲ್ಲ. ಕಾರಣ ಆಮೇಲೆ ಹೊಳೆಯಿತು. ತೂತು ಪೂರ್ತಿ ಮುಚ್ಚಿದ್ದರೆ ಒಳಗೆ ನೀರೇ ಹೋಗಲ್ಲ, ಇನ್ನು ಗುಳ್ಳೆ ಎಲ್ಲಿಂದ? ಅಂಥದ್ದಕ್ಕೆ ರಾತ್ರಿಯಿಡೀ ಕಾರ್ಬ್ ಕ್ಲೀನರಿನಲ್ಲಿ ನೆನೆಸಿ, ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಬೇಕು. ಸೂಜಿ, ಪಿನ್ನು ಹಾಕಬೇಡಿ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾದರೆ ಆ ಜೆಟ್ ಕಥೆ ಮುಗೀತು. ಒಂದು ಚೂರು ದಾರಿ ಬಿಟ್ಟ ಮೇಲೆ ಮಿಕ್ಕದ್ದನ್ನು ಮೆಷಿನ್ ನೋಡಿಕೊಂಡಿತು.

ಜೋಡಿಸಿದೆ, ಹೊಸ ಪ್ಯಾಕಿಂಗ್, ಹೊಸ ಪೆಟ್ರೋಲ್. ಆರನೇ ಕಿಕ್ಕಿಗೆ ಗಾಡಿ ಎದ್ದಿತು. ಓಣಿ ತುಂಬ ಹೊಗೆ. ಅಪ್ಪ ಕೋಲು ಹಿಡಿದುಕೊಂಡು ಹೊರಗೆ ಬಂದು, "ಸ್ಲೋ ಸ್ವಲ್ಪ ಜಾಸ್ತಿ ಐತಿ, ಇಳಸು" ಅಂದರು. ಅಷ್ಟೇ ಅಂದದ್ದು.

ಹದಿನೈದು ದಿನ ಚೆನ್ನಾಗಿತ್ತು. ಆಮೇಲೆ ಪಿ.ಬಿ. ರಸ್ತೆಯಲ್ಲಿ, ಸಂಜೆ ಟ್ರಾಫಿಕ್ಕಿನ ನಡುವೆ, ಬುಸ್ ಅಂತ ನಿಂತಿತು. ಬಿಚ್ಚಿದರೆ ಸ್ಲೋ ಜೆಟ್ ಮತ್ತೆ ಮುಚ್ಚಿದೆ. ತೊಳೆದೆ. ಹನ್ನೆರಡು ದಿನಕ್ಕೆ ಮತ್ತೆ. ತೊಳೆದೆ. ಮೂರನೇ ಸಲ ಮೆಷಿನ್ ಮೇಲೇ ಅನುಮಾನ ಬಂತು. ಮಾರಿದವರಿಗೆ ಸಿಟ್ಟಿನಲ್ಲಿ ಮೆಸೇಜ್ ಕೂಡ ಬರೆದೆ. ಕಳಿಸುವ ಮೊದಲು ನಮ್ಮ ಹಳೇ ಮೇಸ್ತ್ರಿಗೆ ಬಟ್ಟಲು ತೋರಿಸಿದೆ. ಅವರು ತಳದಲ್ಲಿ ಬೆರಳು ಒರೆಸಿ ನನ್ನ ಮುಂದೆ ಹಿಡಿದರು. ಕೆಂಪು ಪುಡಿ. "ಇದು ಗೋಂದಲ್ರಿ, ತುಕ್ಕು. ನೀವು ತಟ್ಟೆ ತೊಳೆಯಾಕತ್ತೀರಿ, ಕೊಡ ತೊಳದೇ ಇಲ್ಲ."

ಟ್ಯಾಂಕ್! ಒಂಬತ್ತು ವರ್ಷ ಅರ್ಧ ಖಾಲಿ ನಿಂತ ಟ್ಯಾಂಕಿನ ಒಳಮೈ ನಾನು ನೋಡಿರಲೇ ಇಲ್ಲ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಜಾಜಿ ಬಳಿದ ಗೋಡೆ. ಟ್ಯಾಂಕ್ ಇಳಿಸಿ, ವಿನೆಗರ್ ತುಂಬಿಸಿ, ಒಂದು ಹಿಡಿ ನಟ್ಟು ಹಾಕಿ ಎರಡು ದಿನ ಆಗಾಗ ಕುಲುಕಿದೆ. ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಆರಿದ ಕೂಡಲೇ ಒಳಗೆ ಟೂ-ಟಿ ಆಯಿಲ್ ಸವರಿದೆ. ತಡ ಮಾಡಿದರೆ ಕಣ್ಣೆದುರೇ ಮತ್ತೆ ತುಕ್ಕು ಹಿಡಿಯುತ್ತದೆ. ಟ್ಯಾಂಕಿನ ಕೆಳಗಿನ ನಲ್ಲಿಯ, ಅಂದರೆ ಪೆಟ್ರೋಲ್ ಕಾಕ್‌ನ, ಜಾಲರಿ ಹರಿದಿತ್ತು, ಅದನ್ನೂ ಬದಲಾಯಿಸಿದೆ. ಪೈಪಿನಲ್ಲಿ ಸಣ್ಣ ಫಿಲ್ಟರ್ ಕೂರಿಸಿದೆ. ಇದಕ್ಕೆಲ್ಲ ಸೇರಿ 600 ರೂಪಾಯಿ ಆಗಿಲ್ಲ. ಆಮೇಲೆ ಒಂದು ವರ್ಷ ಕಾರ್ಬುರೇಟರ್ ಬಿಚ್ಚಿಲ್ಲ. ಚಿತ್ರದುರ್ಗಕ್ಕೆ ಆರೇಳು ಸಲ ಹೋಗಿ ಬಂದಿದ್ದೇನೆ, ಆನಗೋಡು, ಭರಮಸಾಗರ ದಾಟಿ. ದುರ್ಗದ ಗಾಳಿಯಂತ್ರದ ಗುಡ್ಡ ಕಾಣೋವರೆಗೂ ಥ್ರಾಟಲ್ ಒಂದೇ ಸಮ.

ಮಧ್ಯೆ ಒಮ್ಮೆ ಸ್ಲೋ ತಾನಾಗಿ ಏರುತ್ತಿತ್ತು. ಅದು ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವಿನ ಗ್ಯಾಸ್ಕೆಟ್‌ನಲ್ಲಿ ಗಾಳಿ ಎಳೆಯುತ್ತಿದ್ದದ್ದು. ಅದನ್ನೂ ಮೆಷಿನ್ ಸರಿ ಮಾಡಲ್ಲ.

ಈಗ ಮೆಷಿನ್ ಆರೋಗ್ಯ. ಹದಿನಾಲ್ಕನೇ ತಿಂಗಳಿಗೆ ಹೀಟರ್ ಸತ್ತಿತು. ವಾರಂಟಿ ಹನ್ನೆರಡು ತಿಂಗಳು. ಮಾರಿದವರು ಫೋನ್ ಎತ್ತಲಿಲ್ಲ. ಮೊದಲು ಹಾಕಿದ ಬೋರ್ ನೀರಿನ ಪಾಲೂ ಇದರಲ್ಲಿರಬಹುದು, ತಪ್ಪೆಲ್ಲ ಅವರದೇ ಅನ್ನಲ್ಲ. ಈಗ ಗ್ಯಾಸ್ ಮೇಲೆ ನೀರು ಕಾಯಿಸಿ ಸುರಿಯುತ್ತೇನೆ, ಏನೂ ವ್ಯತ್ಯಾಸವಿಲ್ಲ. ಹಾಗಾಗಿ ಹೀಟರ್ ಇರೋದೇ ಬೇಕು ಅಂತ ಜಾಸ್ತಿ ದುಡ್ಡು ಕೊಡಬೇಡಿ. ಆರು ತಿಂಗಳಿಗೊಮ್ಮೆ ಫಾಯಿಲ್ ಪರೀಕ್ಷೆ ಮಾಡುತ್ತೇನೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದು ತುಂಡು ನೀರಿನಲ್ಲಿ ಇಳಿಬಿಟ್ಟು ಒಂದು ನಿಮಿಷ ಓಡಿಸೋದು. ಮೆಷಿನ್ ಸರಿಯಿದ್ದರೆ ಇಡೀ ಫಾಯಿಲ್ ಗುದ್ದಿದ ಹಾಗೆ ಚುಕ್ಕಿ ಚುಕ್ಕಿಯಾಗುತ್ತದೆ. ಮೊನ್ನೆ ಎಡಗಡೆ ಸರಿಯಾಗಿತ್ತು, ಬಲಗಡೆ ನುಣ್ಣಗೆ. ಒಂದು ಟ್ರಾನ್ಸ್‌ಡ್ಯೂಸರ್ ಸುಸ್ತಾಗಿದೆ ಅಂತ ಅರ್ಥ. ಸಾಮಾನನ್ನು ತಿರುಗಿಸಿ ತಿರುಗಿಸಿ ಇಟ್ಟು ಕೆಲಸ ಸಾಗುತ್ತಿದೆ. 7,200ಕ್ಕೆ ಎರಡು ವರ್ಷ ಅಂದರೆ ಬೇಜಾರಿಲ್ಲ, ಖುಷಿಯೂ ಇಲ್ಲ.

ಇಷ್ಟರಲ್ಲಿ ಹದಿನೇಳು ಕಾರ್ಬುರೇಟರ್ ತೊಳೆದಿದ್ದೇನೆ. ಆರ್‌ಎಕ್ಸ್ 100 ಬೈಕಿನವು ಐದು, ಸಿಡಿ 100 ಬೈಕಿನವು ಮೂರು, ಚೇತಕ್ ಸ್ಕೂಟರಿನದು ಒಂದು, ಉಳಿದದ್ದು ಸಣ್ಣಪುಟ್ಟದ್ದು. ತೋಟದವರ ಔಷಧಿ ಹೊಡೆಯೋ ಪಂಪಿನವೂ ಬಂದಿವೆ. ಈಗೀಗ ಬರುವ ಬಟ್ಟಲುಗಳಲ್ಲಿ ಬೇರೆ ಥರ ಕೊಳೆ ಕಾಣುತ್ತದೆ: ಕಂದು ಅಂಟಿನ ಜೊತೆ ತಳದಲ್ಲಿ ಬಿಳಿ ಪುಡಿ. ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್. ಅದರ ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತೇವ ಜಾಸ್ತಿಯಾದರೆ ನೀರು, ಎಥನಾಲ್ ಬೇರೆಯಾಗಿ ತಳಕ್ಕಿಳಿದು ಲೋಹ ತಿನ್ನುತ್ತವೆ. ಎಥನಾಲನ್ನು ಮೆಕ್ಕೆಜೋಳದಿಂದಲೂ ತೆಗೆಯುತ್ತಾರೆ, ನಮ್ಮ ಜಿಲ್ಲೆ ಮೆಕ್ಕೆಜೋಳದ ಜಿಲ್ಲೆ, ಹಾಗಾಗಿ ಬೈಯೋಕೂ ಬಾಯಿ ಬರಲ್ಲ. ದಿನಾ ಓಡೋ ಗಾಡಿಗೆ ಈ ಪುಡಿ ಕಟ್ಟೋದು ಕಡಿಮೆ. ನಿಲ್ಲೋ ಗಾಡಿಗೆ ನಾನು ಮಾಡೋದು ಒಂದೇ: ಮನೆ ಅರ್ಧ ಕಿಲೋಮೀಟರ್ ಇದೆ ಅನ್ನುವಾಗ ಪೆಟ್ರೋಲ್ ಕಾಕ್ ಬಂದ್. ಬಟ್ಟಲಿನಲ್ಲಿದ್ದದ್ದು ಖಾಲಿಯಾಗಿ ಗಾಡಿ ತಾನೇ ನಿಲ್ಲುತ್ತದೆ. ಲೆಕ್ಕ ತಪ್ಪಿದರೆ ಸ್ವಲ್ಪ ತಳ್ಳಬೇಕು, ಅಷ್ಟೇ.

ಒಂದೇ ಗಾಡಿ ಇರುವವರು ಇದನ್ನು ಕೊಳ್ಳಬೇಡಿ. ಇರುವವರ ಹತ್ತಿರ ಒಂದು ಭಾನುವಾರ ಕೇಳಿ ಪಡೆಯಿರಿ. ನಾಲ್ಕೈದು ಹಳೇ ಗಾಡಿ ಇಟ್ಟುಕೊಂಡು ಕೈ ಕಪ್ಪು ಮಾಡಿಕೊಳ್ಳೋ ಚಟ ಇದ್ದರೆ ಕೊಳ್ಳಿ, ಸಣ್ಣ ಸಂದಿಗಳ ಮಟ್ಟಿಗೆ ಕೈಕೆಲಸ ಇದರ ಹತ್ತಿರವೂ ಬರಲ್ಲ. ಹೆಂಡತಿ ಕಾಲ್ಗೆಜ್ಜೆ ತೊಳೆಯೋಕೂ ಉಪಯೋಗಿಸಿದಳು. ಚೆನ್ನಾಗಿ ಹೊಳೆದವು, ಎರಡು ದಿನ ಪೆಟ್ರೋಲ್ ವಾಸನೆ ಹೊಡೆದವು.

ವಿದ್ಯಾನಗರದ ಗೆಳೆಯ ಇವತ್ತು ಬೆಳಗ್ಗೆ ಫೋನ್ ಮಾಡಿದ್ದ. ನಾಲ್ಕು ವರ್ಷ ನಿಂತ ಆರ್‌ಎಕ್ಸ್ 100, ಕಾರ್ಬುರೇಟರ್ ಬಿಚ್ಚಿಕೊಂಡು ಬರ್ಲಾ ಅಂತ. ಟ್ಯಾಂಕೂ ಇಳಿಸಿಕೊಂಡು ಬಾ ಅಂದಿದ್ದೇನೆ.