ಅದೇ ಸೈನಸ್ ಆಪರೇಷನ್ ಎರಡನೇ ಸಲ ಮಾಡಿಸುವ ಮೊದಲು

ನನ್ನ ಎಡಗೆನ್ನೆಯ ಸೈನಸ್‌ಗೆ (ಕೆನ್ನೆಮೂಳೆಯೊಳಗೆ ಮೂಗಿಗೆ ತೆರೆದುಕೊಳ್ಳುವ ಗಾಳಿಯ ಪೊಳ್ಳು) ಮೂರು ಆಪರೇಷನ್ ಆಗಿವೆ. ಎರಡನೆಯದು ದಂಡ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2014ರಲ್ಲಿ ಎಂಡೋಸ್ಕೋಪಿಯಲ್ಲಿ, ಅಂದರೆ ಮೂಗಿನೊಳಗೆ ಕ್ಯಾಮೆರಾ ನಳಿಗೆ ಹಾಕಿ, ಸೈನಸ್ಸಿನ ಕಫ ಹೊರಬರಲು ತೂತು ಮಾಡಿದರು. ಆರು ತಿಂಗಳು ಆರಾಮಾಗಿದ್ದೆ. ಆಮೇಲೆ ಶುರುವಾಯಿತು. ನಾನು ಹೈಸ್ಕೂಲ್ ಮೇಷ್ಟ್ರು. ಉತ್ತರ ಪತ್ರಿಕೆ ತಿದ್ದಲು ತಲೆ ಬಗ್ಗಿಸಿದರೆ ಸಾಕು, ಮೂಗಿನಿಂದ ಹಳದಿ ಹನಿ ಟಪ್ ಅಂತ ಹಾಳೆಯ ಮೇಲೆ. ಒಬ್ಬ ಹುಡುಗಿಯ ನಾಲ್ಕು ಅಂಕದ ಉತ್ತರವೇ ಕಲಸಿಹೋಗಿತ್ತು. ಕೊಳೆತ ವಾಸನೆ ಬೇರೆ.

2017ರಲ್ಲಿ ಅದೇ ಆಸ್ಪತ್ರೆಗೆ ಹೋದೆ. ‘ದಾರಿ ಮುಚ್ಚಿಕೊಂಡಿದೆ, ಇನ್ನೊಂದು ಸಲ ಕ್ಲೀನ್ ಮಾಡೋಣ’ ಅಂದರು. ಸ್ಕ್ಯಾನ್ ಮಾಡಿಸಿದರು, ಆದರೆ ರಿಪೋರ್ಟ್ ಓದಿದರೇ ಹೊರತು ಫಿಲ್ಮ್ ಕವರಿನಿಂದ ಆಚೆ ಬರಲಿಲ್ಲ. ಇನ್ಶೂರೆನ್ಸ್ ಇದೆಯಾ ಅಂತ ಮಾತ್ರ ಮರೆಯದೆ ಕೇಳಿದರು. ನಾನೂ ಸಹಿ ಹಾಕಿದೆ. ಮೂರೇ ತಿಂಗಳಲ್ಲಿ ಹನಿ ವಾಪಸ್.

ಆಮೇಲೆ ಬೇರೆ ಊರಿನ ಇಎನ್‌ಟಿ ಡಾಕ್ಟರೊಬ್ಬರು ಮೂಗಿನೊಳಗಿದ್ದದ್ದನ್ನು ಟೀವಿಯಲ್ಲಿ ತೋರಿಸಿದರು. ಈ ಸೈನಸ್‌ಗೆ ಹುಟ್ಟಿನಿಂದಲೇ ಮೂಗಿಗೆ ತೆರೆಯುವ ಒಂದು ಬಾಯಿ ಇರುತ್ತದೆ, ಅದೂ ಮೇಲ್ಗಡೆ. ಒಳಗಿನ ಸೂಕ್ಷ್ಮ ರೋಮಗಳು ಕಫವನ್ನು ಆ ಕಡೆಗೇ ತಳ್ಳುತ್ತವೆ. ಬೇರೆ ಕಡೆ ಎಷ್ಟು ದೊಡ್ಡ ತೂತು ಮಾಡಿದರೂ ಅಷ್ಟೇ. ನನಗೆ ಮಾಡಿದ್ದ ತೂತು ಆ ಬಾಯಿಗೆ ಸೇರಿರಲೇ ಇಲ್ಲ! ಸೈನಸ್ಸಿನ ಆ ಬಾಯಿಯಿಂದ ಹೊರಬಂದ ಕಫ ತೂತಿನಿಂದ ಮತ್ತೆ ಒಳಗೆ ಹೋಗುತ್ತಿತ್ತು. ಎರಡೂ ಸಲ ಅದೇ ತಪ್ಪು. ಅಷ್ಟರಲ್ಲಿ ವರ್ಷಗಟ್ಟಲೆ ಕೀವು ನಿಂತು ರೋಮಗಳೇ ಕೆಲಸ ಬಿಟ್ಟಿದ್ದವು.

‘ಇದು ಇನ್ನು ತಾನಾಗಿ ತಳ್ಳಲ್ಲ ಮೇಷ್ಟ್ರೇ, ಸೋರಿ ಇಳಿಯೋ ಹಾಗೆ ಮಾಡಬೇಕು’ ಅಂದರು. 2022ರಲ್ಲಿ ಸೈನಸ್ಸಿನ ಒಳಗೋಡೆಯನ್ನು ಮೂಗಿನ ತಳದವರೆಗೂ ತೆಗೆದರು, ಕೆಳಗಿನ ಟರ್ಬಿನೇಟ್‌ನ (ಮೂಗಿನೊಳಗೆ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವ ಮೂಳೆಯ ಮಡಿಕೆ) ಹಿಂದಿನ ಭಾಗದ ಸಮೇತ. ಮೆಗಾ ಆಂಟ್ರೋಸ್ಟಮಿ ಅನ್ನುತ್ತಾರೆ. ಮುಂಭಾಗ ಉಳಿಸಿದ್ದಾರೆ. ಟರ್ಬಿನೇಟ್ ಪೂರ್ತಿ ಹೋದರೆ ಮೂಗು ಒಣಗಿ, ಉಸಿರಾಡಿದ್ದೇ ಗೊತ್ತಾಗದ ಹಾಗೆ ಆಗಬಹುದು. ಎಷ್ಟು ತೆಗೆಯುತ್ತೀರಿ ಅಂತ ಕೇಳಿಯೇ ಸಹಿ ಹಾಕಿ. ಈಗ ಹನಿ ನಿಂತಿದೆ, ಆದರೆ ದಿನಕ್ಕೆರಡು ಸಲ ಉಪ್ಪುನೀರಿನಲ್ಲಿ ತೊಳೆಯುವುದು ತಪ್ಪಿದ್ದಲ್ಲ. ಕುದಿಸಿ ಆರಿಸಿದ ನೀರೇ ಆಗಬೇಕು, ನಲ್ಲಿ ನೀರು ಬೇಡವೇ ಬೇಡ.

ನಿಮಗೂ ಮತ್ತೆ ಆಪರೇಷನ್ ಅಂದರೆ, ಸ್ಕ್ಯಾನ್ ಎದುರಿಗಿಟ್ಟು ‘ಮೊದಲು ಮಾಡಿದ ತೂತು ಮೂಲ ಬಾಯಿಗೆ ಸೇರಿದೆಯಾ?’ ಅಂತ ಕೇಳಿ. ಒಂದೇ ಕಡೆ ಕೊಳೆತ ವಾಸನೆ ಇದ್ದರೆ ಮೇಲಿನ ದವಡೆ ಹಲ್ಲನ್ನೂ ತೋರಿಸಿ. ಬೇರಿನ ಕೀವಿನಿಂದಲೂ ಹೀಗಾಗುತ್ತದೆ. ಹಳೆಯ ಫಿಲ್ಮ್‌ಗಳನ್ನು ಜೋಪಾನವಾಗಿಡಿ. ನನ್ನದನ್ನು ಮಗ 2019ರ ಡಿಸೆಂಬರ್ ಗ್ರಹಣ ನೋಡಲು ಎತ್ತಿಕೊಂಡು ಹೋಗಿದ್ದ (ಅದರಲ್ಲಿ ನೋಡಲೇಬಾರದು, ಅದಕ್ಕೆ ಬೇರೆ ಬೈದೆ). ಆಪರೇಷನ್ ನೋಟ್ಸ್ ಆದರೂ ಕೊಡಿ ಅಂತ ಆ ಆಸ್ಪತ್ರೆಗೆ ಎರಡು ಸಲ ಅಲೆದೆ. ಕೊಟ್ಟದ್ದು ಬಿಲ್ಲಿನ ಜೆರಾಕ್ಸ್.