ನಲಿ-ಕಲಿಯೋ, ಇಂಗ್ಲಿಷ್ ಮೀಡಿಯಮ್ಮೋ?

ಮಂಡ್ಯದ ಹತ್ತಿರದ ಹಳ್ಳಿಯ ಗೆಳೆಯನ ಪ್ರಶ್ನೆ: ಮಗಳನ್ನು ಒಂದನೇ ತರಗತಿಗೆ ಊರಿನ ಸರ್ಕಾರಿ ಶಾಲೆಗೆ ಸೇರಿಸಲೋ, ಪೇಟೆಯ ಇಂಗ್ಲಿಷ್ ಮೀಡಿಯಂಗೋ?

ಮೊದಲು ಓದಿನ ವಿಷಯ. ನಲಿ-ಕಲಿ ಅಂದರೆ ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ನಲಿಯುತ್ತಾ ಕಲಿಸುವ ಪದ್ಧತಿ, 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಮೂರನೇ ತರಗತಿವರೆಗಿನ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಅ, ಆ, ಇ, ಈ ಎಂಬ ಸಾಲು ಇಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ಐದೇ ಅಕ್ಷರಕ್ಕೆ ಅರಸ, ಅಗಸ, ಗರಗಸ ಎಲ್ಲ ಓದಬಹುದು! ಮನೆಯಲ್ಲಿ ಆಡುವ ಮಾತೇ ಆದ್ದರಿಂದ ಅರ್ಥವೂ ಕೂಡಲೇ ಸಿಗುತ್ತದೆ. ಇಂಗ್ಲಿಷಿನಲ್ಲಿ ಕಾಗುಣಿತ ಒಂದು, ಉಚ್ಚಾರ ಇನ್ನೊಂದು. ಮನೆಯಲ್ಲಿ ಹೇಳಿಕೊಡುವವರು ಬೇಕು.

ಬರವಣಿಗೆಯಲ್ಲಿ ಖಾಸಗಿ ಶಾಲೆಯ ಹೋಂವರ್ಕ್ ಜಾಸ್ತಿ, ಅಕ್ಷರ ದುಂಡಗಾಗಬಹುದು. ಆದರೆ ಬೋರ್ಡ್ ನೋಡಿ ನಕಲು ಮಾಡುವುದೇ ಬರವಣಿಗೆ ಅಲ್ಲ, ಅಲ್ವಾ?

ಸಮಾಜ ವಿಜ್ಞಾನ ಬೇರೆ ವಿಷಯವಾಗುವುದು ಆರರಿಂದ. ಅಲ್ಲಿವರೆಗೆ ಪರಿಸರ ಅಧ್ಯಯನ. ನಾಲೆ, ಆಲೆಮನೆ, ಸಂತೆ ಬಗ್ಗೆ ಅಜ್ಜನನ್ನು ಕೇಳಿ ಬರೆಯಲು ಕನ್ನಡವೇ ಸಲೀಸು.

ಖರ್ಚು ಗೊತ್ತೇ ಇದೆ: ಇಲ್ಲಿ ಪುಸ್ತಕ, ಬಿಸಿಯೂಟ ಉಚಿತ, ಅಲ್ಲಿ ಫೀಸು, ವ್ಯಾನು.

ಮನೆಯಲ್ಲಿ ಇಂಗ್ಲಿಷ್ ಓದಿಸುವವರಿದ್ದರೆ, ಅಥವಾ ಬೇರೆ ರಾಜ್ಯಕ್ಕೆ ವರ್ಗವಾಗುವ ಕೆಲಸವಿದ್ದರೆ ಪೇಟೆ ಶಾಲೆ ಸರಿ. ಇಲ್ಲದಿದ್ದರೆ ಊರಿನದು. ಅದಕ್ಕೂ ಮುಂಚೆ ಒಂದು ದಿನ ಹೋಗಿ, ಅಲ್ಲಿ ಎಷ್ಟು ಮೇಷ್ಟ್ರಿದ್ದಾರೆ ಎಣಿಸಿ ಬಾ.